ಒಂದೇ ಬೆಳಗ್ಗೆ ರೈಲು, ಮೆಟ್ರೊ, ಬಸ್ಸು: ಮಾಸ್ಕ್ ಕಡ್ಡಾಯವಾದಾಗ ಪ್ರಯಾಣಿಕರು ಏನು ಮಾಡಬೇಕು?

ತುಮಕೂರಿನಿಂದ ಬೆಂಗಳೂರಿಗೆ ದಿನಾ ಓಡಾಡುವವನು ನಾನು. ಬೆಳಗಿನ ರೈಲು ಹಿಡಿದು ಯಶವಂತಪುರದಲ್ಲಿ ಇಳಿಯುತ್ತೇನೆ, ಅಲ್ಲಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಜಯನಗರ, ಆಮೇಲೆ ಬಿಎಂಟಿಸಿ ಬಸ್ಸು. ಮಾಮೂಲಿ ದಿನಗಳಲ್ಲಿ ಇದು ಎರಡು ಗಂಟೆಯ ಬೇಸರ, ಅಷ್ಟೇ. ಕೊರೊನಾ ಕಾಲದಲ್ಲಿ ಮಾತ್ರ ಇದು ಮೂರು ರಾಜ್ಯಗಳ ಗಡಿ ದಾಟಿದ ಹಾಗಿತ್ತು. ರೈಲಿನಲ್ಲಿ ರೈಲ್ವೆ ಮಂಡಳಿಯ ಆದೇಶ, ಮೆಟ್ರೊ ಬಾಗಿಲಲ್ಲಿ ಮೆಟ್ರೊ ನಿಗಮದ ಸೂಚನೆ, ಬಸ್ಸಿಗೆ ರಾಜ್ಯ ಸರ್ಕಾರದ್ದು. ಮುಖ ಒಂದೇ, ಮಾಸ್ಕೂ ಒಂದೇ. ಆದರೆ ದಂಡ ಬೇರೆ, ಕೇಳುವವರು ಬೇರೆ, ನಿಯಮ ಶುರುವಾದ ಮತ್ತು ಮುಗಿದ ದಿನಾಂಕವೂ ಬೇರೆ.

ಈ ಗೊಂದಲದಲ್ಲಿ ಎರಡು ವರ್ಷ ಓಡಾಡಿ ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಮತ್ತೊಂದು ಸಾಂಕ್ರಾಮಿಕ ಬಂದು ಸರ್ಕಾರ ಮತ್ತೆ ‘ಪ್ರಯಾಣಿಕರಿಗೆ ಮಾಸ್ಕ್ ಕಡ್ಡಾಯ’ ಎಂದರೆ ಏನನ್ನು ಮೊದಲು ನೋಡಬೇಕು, ಯಾವುದಕ್ಕೆ ತಲೆ ಕೆಡಿಸಿಕೊಳ್ಳಬಾರದು ಎಂಬುದಕ್ಕೆ ಇದು ಸಹಾಯಕ್ಕೆ ಬಂದೀತು.

ಮೊದಲು, ಆದೇಶ ಯಾರದ್ದು ಎಂದು ನೋಡಿ

ವಾಟ್ಸ್‌ಆ್ಯಪ್‌ನಲ್ಲಿ ಬರುವುದು ಆದೇಶದ ನೆರಳು. ಅದನ್ನು ನಂಬಿ ಹೊರಟರೆ ಹಳೆಯ ಪಂಚಾಂಗ ನೋಡಿ ಮುಹೂರ್ತ ಇಟ್ಟ ಹಾಗೆ. ಒಂದು ಉದಾಹರಣೆ ಕೊಡುತ್ತೇನೆ. 2020ರಲ್ಲಿ ನಮ್ಮ ರಾಜ್ಯದಲ್ಲಿ ಮಾಸ್ಕ್ ಹಾಕದವರಿಗೆ ಮೊದಲು ಇದ್ದ ದಂಡ ಮಹಾನಗರ ಪಾಲಿಕೆಗಳಲ್ಲಿ 200 ರೂಪಾಯಿ, ಉಳಿದ ಕಡೆ 100. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅದನ್ನು ಒಮ್ಮೆಲೇ ನಗರದಲ್ಲಿ 1000, ಹಳ್ಳಿಗಳಲ್ಲಿ 500 ಮಾಡಿದರು. ಜನ ಕೂಗಾಡಿದರು. ಅಕ್ಟೋಬರ್ ಮೊದಲ ವಾರ ಕಳೆಯುವಷ್ಟರಲ್ಲಿ ನಗರದಲ್ಲಿ 250, ಉಳಿದೆಡೆ 100 ಎಂದು ಇಳಿಸಿದರು. ಸಾವಿರ ರೂಪಾಯಿಯ ದರ ಬಾಳಿದ್ದು ಒಂದು ವಾರ. ಆದರೆ ಆ ಫಾರ್ವರ್ಡ್ ಸಂದೇಶ ನಮ್ಮ ಬೋಗಿಯ ಗ್ರೂಪಿನಲ್ಲಿ ಮರು ವರ್ಷದ ಯುಗಾದಿಯವರೆಗೂ ಸುತ್ತುತ್ತಿತ್ತು.

ಆದ್ದರಿಂದ ಆದೇಶದ ಪ್ರತಿಯನ್ನೇ ಹುಡುಕಿ. ಕಾನೂನಿನ ಭಾಷೆ ಎಂದು ಹೆದರಬೇಕಿಲ್ಲ, ನೋಡಬೇಕಾದ ಜಾಗಗಳು ಕೆಲವೇ. ತಲೆಬರಹದಲ್ಲಿ ಯಾವ ಇಲಾಖೆ, ಯಾವ ದಿನಾಂಕ ಎಂದಿರುತ್ತದೆ. ಅದರ ಕೆಳಗೆ ಯಾವ ಕಾಯ್ದೆಯ ಅಧಿಕಾರ ಬಳಸಿದ್ದಾರೆ ಎಂದಿರುತ್ತದೆ. ಕೊನೆಯಲ್ಲಿ ಎಲ್ಲಿಗೆ ಅನ್ವಯ, ಎಲ್ಲಿಯವರೆಗೆ ಜಾರಿಯಲ್ಲಿ ಎಂದಿರುತ್ತದೆ. ಕೊರೊನಾ ಕಾಲದಲ್ಲಿ ಕೇಂದ್ರ ಗೃಹ ಸಚಿವಾಲಯ ಬಳಸಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯನ್ನು. ಸಾರ್ವಜನಿಕ ಸ್ಥಳ, ಕೆಲಸದ ಜಾಗ, ಪ್ರಯಾಣ ಮೂರರಲ್ಲೂ ಮುಖ ಮುಚ್ಚಿಕೊಳ್ಳಬೇಕು ಎಂದು ಅದರ ರಾಷ್ಟ್ರೀಯ ನಿರ್ದೇಶನಗಳಲ್ಲಿ ಇತ್ತು. ಕರ್ನಾಟಕ 2020ರ ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆ ತಂದು, ಅದೇ ವರ್ಷ ಅದನ್ನು ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯಾಗಿ ಮಾಡಿಕೊಂಡಿತು.

ಇದಕ್ಕೂ ಮುಂಚೆ ದೇಶಕ್ಕೆಲ್ಲ ಇದ್ದದ್ದು 1897ರ ಒಂದು ಪುಟ್ಟ ಕಾಯ್ದೆ, ಮುಂಬೈಯ ಪ್ಲೇಗಿಗೆ ಹೆದರಿ ಬ್ರಿಟಿಷರು ಮಾಡಿದ್ದು. ಬೆರಳೆಣಿಕೆಯ ಕಲಮುಗಳಿರುವ ಆ ಕಾಯ್ದೆಯಲ್ಲೂ ರೈಲಿನಲ್ಲಿ ಬರುವವರನ್ನು ತಪಾಸಣೆ ಮಾಡುವ ಅಧಿಕಾರದ ಮಾತು ಬರುತ್ತದೆ. ರೋಗ ಗಾಡಿ ಹತ್ತಿಯೇ ಊರಿಂದ ಊರಿಗೆ ಹೋಗುತ್ತದೆ ಎಂಬುದು ಆಗಲೇ ಗೊತ್ತಿತ್ತು. ಅದಾದ ಮರು ವರ್ಷವೇ ಪ್ಲೇಗು ಬೆಂಗಳೂರಿಗೆ ಬಂತು ಎನ್ನುವುದು ಬೇರೆ ಕಥೆ.

ಆದೇಶದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಹುಡುಕಬೇಕಾದ್ದು ಒಂದೇ ಪದವನ್ನು: ‘ಕಡ್ಡಾಯ’ ಎಂದಿದೆಯೋ, ‘ಸೂಕ್ತ’ ಎಂದಿದೆಯೋ? 2022ರ ಮಾರ್ಚ್ 31ಕ್ಕೆ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿಯ ಕೇಂದ್ರದ ಆದೇಶಗಳು ಮುಗಿದವು, ಮಾಸ್ಕ್ ಹಾಕಿ ಎಂಬ ಸಲಹೆ ಮಾತ್ರ ಉಳಿಯಿತು. ಅದೇ ಏಪ್ರಿಲ್ ಕೊನೆಗೆ ಕರ್ನಾಟಕ ಮತ್ತೆ ಮಾಸ್ಕ್ ಕಡ್ಡಾಯ ಎಂದಿತು, ದಂಡ ಮಾತ್ರ ಇಲ್ಲ ಎಂದಿತು! ವಿಮಾನಗಳಲ್ಲಿ 2022ರ ನವೆಂಬರ್ 16ರವರೆಗೆ ಕಡ್ಡಾಯವಿದ್ದು, ಆಮೇಲೆ ‘ಹಾಕಿಕೊಂಡರೆ ಒಳ್ಳೆಯದು’ ಎಂದಾಯಿತು. 2023ರ ಡಿಸೆಂಬರಿನಲ್ಲಿ ಕೊರೊನಾದ ಜೆಎನ್.1 ತಳಿ ಬಂದಾಗ ನಮ್ಮ ಆರೋಗ್ಯ ಸಚಿವರು ಹೇಳಿದ್ದು 60 ದಾಟಿದವರು ಮತ್ತು ಬೇರೆ ಕಾಯಿಲೆ ಇರುವವರು ಮಾಸ್ಕ್ ಹಾಕಲಿ ಎಂಬ ಸಲಹೆಯನ್ನು. ಮಾರನೇ ದಿನ ನಮ್ಮ ರೈಲಿನಲ್ಲಿ ‘ಮತ್ತೆ ಫೈನ್ ಶುರು’ ಎಂಬ ಸುದ್ದಿ ಕ್ಯಾತ್ಸಂದ್ರ ದಾಟುವ ಮೊದಲೇ ಹಬ್ಬಿತ್ತು.

ನಿಯಮ ಎಲ್ಲಿಂದ ಶುರುವಾಗುತ್ತದೆ?

ಸೀಟಿನಲ್ಲಿ ಕೂತ ಮೇಲೆ ಜೇಬಿನಿಂದ ಮಾಸ್ಕ್ ತೆಗೆದು ಹಾಕಿಕೊಂಡರೆ ಸಾಕು ಎಂದುಕೊಂಡವರೇ ಹೆಚ್ಚು ಸಿಕ್ಕಿಬಿದ್ದದ್ದು. ರೈಲ್ವೆ 2021ರ ಏಪ್ರಿಲ್ 17ರಂದು ಹೊರಡಿಸಿದ ಆದೇಶದಲ್ಲಿ ರೈಲಿನ ಜೊತೆಗೆ ‘ರೈಲ್ವೆ ಆವರಣ’ ಎಂಬ ಪದವೂ ಇತ್ತು. ಎಂದರೆ ಟಿಕೆಟ್ ಕೌಂಟರ್, ಪ್ಲಾಟ್‌ಫಾರ್ಮ್, ಮೇಲ್ಸೇತುವೆ ಎಲ್ಲವೂ. ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿಯುತ್ತ ನಿಂತವರೂ ಅದರೊಳಗೇ ಬರುತ್ತಾರೆ. ದಂಡ 500 ರೂಪಾಯಿಯವರೆಗೆ. ಮೊದಲು ಆರು ತಿಂಗಳಿಗೆ ಎಂದದ್ದು, ಬೆಳೆದು ಮರು ವರ್ಷದ ಏಪ್ರಿಲ್‌ವರೆಗೆ ಹೋಯಿತು.

ಇದರಲ್ಲಿ ಒಂದು ಸ್ವಾರಸ್ಯ ಇದೆ. ರೈಲ್ವೆ ಇದಕ್ಕೆ ಹೊಸ ಕಾನೂನು ಮಾಡಲಿಲ್ಲ. ನಿಲ್ದಾಣದಲ್ಲಿ ಉಗುಳುವವರಿಗೆ, ಗಲೀಜು ಮಾಡುವವರಿಗೆ ದಂಡ ಹಾಕಲು 2012ರಲ್ಲಿ ಮಾಡಿದ ನೈರ್ಮಲ್ಯ ನಿಯಮಗಳಿದ್ದವಲ್ಲ, ಅವುಗಳ ಅಡಿಯಲ್ಲೇ ಮಾಸ್ಕನ್ನೂ ಸೇರಿಸಿತು. ಅಂದರೆ ಮೂಗಿನ ಕೆಳಗೆ ಮಾಸ್ಕ್ ಜಾರಿಸಿಕೊಂಡವನೂ, ಹಳಿಗೆ ಎಲೆಅಡಿಕೆ ಉಗಿದವನೂ ಒಂದೇ ಪುಸ್ತಕದ ಆರೋಪಿಗಳು.

ನಿಯಮ ಎಲ್ಲಿಂದ ಶುರು ಎಂಬ ಗೊಂದಲ ಮೆಟ್ರೊದಲ್ಲಿ ಇರಲಿಲ್ಲ. 2020ರ ಸೆಪ್ಟೆಂಬರ್ 7ರಂದು ಐದು ತಿಂಗಳ ಮೇಲೆ ಮತ್ತೆ ಓಡಾಟ ಶುರುವಾದಾಗ ಬಾಗಿಲಲ್ಲೇ ನೋಡಿ ಒಳಗೆ ಬಿಡುತ್ತಿದ್ದರು. ಟೋಕನ್ ಕೂಡ ಇರಲಿಲ್ಲ, ಸ್ಮಾರ್ಟ್ ಕಾರ್ಡ್ ಇದ್ದವರಿಗೆ ಮಾತ್ರ. ನಿಯಮ ಬಾಗಿಲಲ್ಲೇ ಇದ್ದರೆ ಪಾಲಿಸುವುದು ಸುಲಭ. ಬಸ್ಸಿಗೆ ಮೂರು ಮೆಟ್ಟಿಲಿನ ಬಾಗಿಲು, ಅಲ್ಲಿ ನಿಂತು ನೋಡುವವರು ಯಾರು?

ಕಾರು, ಟ್ಯಾಕ್ಸಿಯಲ್ಲಿ ಹೋಗುವವರಿಗೂ ಒಂದು ಮಾತು. ದೆಹಲಿ ಹೈಕೋರ್ಟ್ 2021ರ ಏಪ್ರಿಲ್‌ನಲ್ಲಿ ಕಾರಿನಲ್ಲಿ ಒಬ್ಬರೇ ಇದ್ದರೂ ಅದು ಸಾರ್ವಜನಿಕ ಸ್ಥಳವೇ, ಮಾಸ್ಕ್ ಬೇಕು ಎಂದಿತ್ತು. ಅದು ದೆಹಲಿಯ ಮಾತು. ನಿಮ್ಮ ಊರಿನ ಆದೇಶದಲ್ಲಿ ಖಾಸಗಿ ವಾಹನದ ಬಗ್ಗೆ ಏನಿದೆ ಎಂದು ಬೇರೆಯಾಗಿ ನೋಡಿಕೊಳ್ಳಬೇಕು.

ಯಾವ ಮಾಸ್ಕು

ಆದೇಶಗಳಲ್ಲಿ ಬಹುಪಾಲು ‘ಮಾಸ್ಕ್ ಅಥವಾ ಮುಖಗವಸು’ ಎಂದಿರುತ್ತದೆ, ಬಟ್ಟೆಯದ್ದಾದರೂ ಆಗುತ್ತದೆ. ದಂಡದಿಂದ ತಪ್ಪಿಸಿಕೊಳ್ಳಲು ಅಷ್ಟು ಸಾಕು. ರೋಗದಿಂದ ತಪ್ಪಿಸಿಕೊಳ್ಳಬೇಕಾದರೆ ಸಾಲದು.

ಕಿಟಕಿ ಮುಚ್ಚಿದ ಎಸಿ ಬೋಗಿ, ತುಂಬಿದ ಮೆಟ್ರೊ ಇವುಗಳಲ್ಲಿ ಎನ್95 ಅಥವಾ ಅದಕ್ಕೆ ಸಮನಾದದ್ದೇ ಸರಿ. ನಮ್ಮ ದೇಶದ ಮಾನಕ ಬ್ಯೂರೋ ಇಂಥ ಉಸಿರಾಟದ ಮಾಸ್ಕಿಗೆ ಐಎಸ್ 9473 ಎಂಬ ಸಂಖ್ಯೆ ಕೊಟ್ಟಿದೆ. ಅದರಲ್ಲಿ ಎಫ್‌ಎಫ್‌ಪಿ2 ಎಂದು ಬರೆದಿರುವುದು ಎನ್95ರ ಓರಗೆಯದು. ಮೂರು ಪದರದ ಸರ್ಜಿಕಲ್ ಮಾಸ್ಕಿಗೆ ಐಎಸ್ 16289. ಮೆಡಿಕಲ್ ಶಾಪಿನಲ್ಲಿ ‘ಎನ್95 ಕೊಡಿ’ ಎಂದರೆ ಕೈಗೆ ಬರುವ ಎಲ್ಲವೂ ಎನ್95 ಅಲ್ಲ, ಪೊಟ್ಟಣದ ಮೇಲೆ ಈ ಸಂಖ್ಯೆ ಹುಡುಕಿ. ಫುಟ್‌ಪಾತಿನಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುವ ಬಣ್ಣಬಣ್ಣದವುಗಳ ಮೇಲೆ ಏನು ಬರೆದಿದ್ದರೂ ನಂಬಬೇಡಿ.

ಮುಂದೆ ಗುಂಡಗೆ ಕವಾಟ ಇರುವ ಮಾಸ್ಕ್ ಬೇಡ. ಒಳಗೆ ಬರುವ ಗಾಳಿಯನ್ನು ಅದು ಸೋಸುತ್ತದೆ, ನಿಮ್ಮ ಉಸಿರನ್ನು ಸೋಸದೆ ನೇರ ಹೊರಗೆ ಬಿಡುತ್ತದೆ. ಮುಂದಿನ ಸೀಟಿನವರ ಕುತ್ತಿಗೆಗೆ ನಿಮ್ಮ ಸೋಂಕು ಹೋಗುತ್ತದೆ ಎಂದಾಯಿತು. ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2020ರ ಜುಲೈನಲ್ಲೇ ರಾಜ್ಯಗಳಿಗೆ ಪತ್ರ ಬರೆದು ಇದನ್ನು ಹೇಳಿತ್ತು.

ಎನ್95 ಒಗೆಯಬೇಡಿ, ಕುದಿಸಬೇಡಿ. ಅದರ ನಡುವಿನ ಪದರದಲ್ಲಿ ಸ್ಥಿರ ವಿದ್ಯುತ್ತಿನ ಸೆಳೆತ ಇರುತ್ತದೆ, ಸಣ್ಣ ಕಣಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಸೋಪಿನ ನೀರು ಬಿದ್ದರೆ ಆ ಸೆಳೆತ ಹೋಗಿ, ಉಳಿಯುವುದು ಬರೀ ಬಟ್ಟೆ. ನಮ್ಮ ಮನೆಯಲ್ಲಿ ಅಮ್ಮ ಅಕ್ಕರೆಯಿಂದ ನಾಲ್ಕು ಎನ್95ಗಳನ್ನು ಕುಕ್ಕರಿಗೆ ಹಾಕಿ ಮೂರು ವಿಷಲ್ ಕೂಗಿಸಿದ್ದರು. ಬಟ್ಟೆ ಮಾಸ್ಕಿಗೆ ಕುದಿಯುವ ನೀರು ಒಳ್ಳೆಯದೇ, ಇವಕ್ಕಲ್ಲ. ದಿನಾ ಓಡಾಡುವವರು ನಾಲ್ಕೈದು ಇಟ್ಟುಕೊಂಡು, ಒಂದೊಂದನ್ನು ಒಂದೊಂದು ಕಾಗದದ ಕವರಿನಲ್ಲಿ ಹಾಕಿ, ಮೇಲೆ ಸೋಮ, ಮಂಗಳ ಎಂದು ಬರೆದಿಟ್ಟರೆ ಸರದಿಯ ಮೇಲೆ ಬಳಸಬಹುದು. ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ಬೆವರಿನ ಪಸೆ ಆರುವುದಿಲ್ಲ.

ಹಾಕಿಕೊಳ್ಳುವುದು

ಕೈ ತೊಳೆದು, ಮೊದಲು ಗದ್ದದ ಕೆಳಗೆ ಸಿಕ್ಕಿಸಿ, ಆಮೇಲೆ ಮೂಗಿನ ಮೇಲೆ ಎಳೆದು, ಮೂಗಿನ ಪಟ್ಟಿಯನ್ನು ಎರಡೂ ಕೈಯ ಬೆರಳಿಂದ ಒತ್ತಿ. ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಮಡಿಕೆ ಬಿದ್ದು ಸಂದು ಉಳಿಯುತ್ತದೆ. ಕನ್ನಡಕ ಇರುವವರಿಗೆ ಪರೀಕ್ಷೆ ಸುಲಭ: ಗಾಜಿನ ಮೇಲೆ ಮಂಜು ಕವಿದರೆ ಮೇಲಿನಿಂದ ಗಾಳಿ ಸೋರುತ್ತಿದೆ, ಮತ್ತೊಮ್ಮೆ ಒತ್ತಿ. ಕನ್ನಡಕ ಇಲ್ಲದವರು ಜೋರಾಗಿ ಉಸಿರು ಬಿಟ್ಟು, ರೆಪ್ಪೆಗೆ ಗಾಳಿ ತಾಗುತ್ತದೆಯೇ ಎಂದು ನೋಡಿಕೊಳ್ಳಿ. ದಟ್ಟ ಗಡ್ಡ ಇದ್ದರೆ ಎಂಥ ಮಾಸ್ಕೂ ಕೆನ್ನೆಗೆ ಅಂಟುವುದಿಲ್ಲ.

ಚೀಲದಲ್ಲಿ ಇನ್ನೊಂದು ಇರಲೇಬೇಕು. ಒಮ್ಮೆ ನಾನು ಓಡಿ ರೈಲು ಹತ್ತುವಾಗ ಕಿವಿಯ ದಾರ ಪಟ್ಟೆಂದು ಕಿತ್ತುಹೋಯಿತು. ಕರವಸ್ತ್ರ ಹಿಡಿದು ಕೂತೆ. ಎದುರು ಕೂತಿದ್ದ ಹೂವಿನ ಬುಟ್ಟಿಯ ಅಜ್ಜಿ ನನ್ನನ್ನೇ ನೋಡುತ್ತಿದ್ದವರು, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳಲ್ಲಿ ಒಂದನ್ನು ಬಿಡಿಸಿ, ‘ತಗಾ ಮಗಾ, ಚುಚ್ಕೊ’ ಎಂದು ಕೊಟ್ಟರು. ಅದೇ ಪಿನ್ನು ದಾರವನ್ನು ಚಿಕ್ಕಬಾಣಾವರದವರೆಗೂ ಹಿಡಿದುಕೊಂಡಿತ್ತು. ಅವತ್ತಿನಿಂದ ನನ್ನ ಚೀಲದಲ್ಲಿ ಎರಡು ಮಾಸ್ಕ್, ಒಂದು ಪಿನ್ನು.

ಒಳಗೆ ಕೂತ ಮೇಲೆ

ಮಾಸ್ಕ್ ಇಳಿಯುವುದು ಮೂರು ಕಾರಣಕ್ಕೆ: ಫೋನು, ತಿಂಡಿ, ಮಾತು. ಫೋನು ಬಂದರೆ ಮಾಸ್ಕ್ ಕೆಳಗೆಳೆದು ಕೂಗುವುದು ನಮ್ಮ ಜನಕ್ಕೆ ಅಭ್ಯಾಸ. ಸೋಂಕು ಹೆಚ್ಚು ಹರಡುವುದೂ ಜೋರಾಗಿ ಮಾತಾಡುವಾಗಲೇ, ಆಗಲೇ ಮಾಸ್ಕ್ ಬೇಕಾದ್ದು. ಎರಡು ಗಂಟೆಯೊಳಗಿನ ಪ್ರಯಾಣವಾದರೆ ತಿಂದೇ ಹೊರಡಿ. ದೂರದ ರಾತ್ರಿ ಬಸ್ಸಾದರೆ ಊಟಕ್ಕೆ ನಿಲ್ಲಿಸಿದಾಗ ಕೆಳಗಿಳಿದು ಬಯಲಲ್ಲಿ ತಿನ್ನಿ. ರೈಲಿನಲ್ಲಿ ಬೇರೆ ದಾರಿಯಿಲ್ಲ, ಎಲ್ಲರೂ ಒಟ್ಟಿಗೆ ಡಬ್ಬಿ ಬಿಚ್ಚುವ ಹೊತ್ತು ಬಿಟ್ಟು ಸ್ವಲ್ಪ ಹಿಂದೆ ಮುಂದೆ ಮಾಡಿಕೊಂಡು ಬೇಗ ಮುಗಿಸಿ.

ಕಿಟಕಿ ತೆರೆಯುವ ಬಸ್ಸಾದರೆ ತೆರೆಯಿರಿ. ಮಳೆ ಹನಿ ಬಂದರೂ ಒಂದು ಬೆರಳಗಲ ಬಿಡಿ. ಎಸಿ ಬಸ್ಸು ಮತ್ತು ಸಾಮಾನ್ಯ ಬಸ್ಸು ಎರಡೂ ಬಂದರೆ ನಾನಾದರೆ ಸಾಮಾನ್ಯ ಬಸ್ಸು ಹತ್ತುತ್ತೇನೆ, ಕಾಸೂ ಉಳಿಯುತ್ತದೆ.

ಈ ನಿಯಮ ಮಾಡಿದವರು ಮರೆತದ್ದು ಕಂಡಕ್ಟರರನ್ನು. 2020ರ ಮೇ 19ರಂದು ಬಸ್ಸುಗಳು ಮತ್ತೆ ರಸ್ತೆಗಿಳಿದಾಗ ಒಂದು ಬಸ್ಸಿಗೆ 30 ಜನ, ಎಲ್ಲರಿಗೂ ಮಾಸ್ಕ್ ಎಂಬ ಷರತ್ತು ಇತ್ತು. ಆದರೆ ಮಾಸ್ಕ್ ಹಾಕಿಕೊಂಡು ವಿಷಲ್ ಊದುವುದು ಹೇಗೆ? ನಮ್ಮ ರೂಟಿನ ಒಬ್ಬ ಕಂಡಕ್ಟರ್ ಪ್ರತಿ ಸ್ಟಾಪಿನಲ್ಲೂ ಮಾಸ್ಕ್ ಕೆಳಗೆಳೆದು, ಊದಿ, ಮೇಲೆಳೆದುಕೊಳ್ಳುತ್ತಿದ್ದರು. ಟಿಕೆಟ್, ಚಿಲ್ಲರೆ ಮುಟ್ಟಿದ ಅದೇ ಕೈ. ಕೆಲವು ದಿನ ಹೀಗೆ ಕಳೆದ ಮೇಲೆ ವಿಷಲ್ಲನ್ನು ಜೇಬಿಗಿಟ್ಟು, ಬಸ್ಸಿನ ಮೈಗೆ ಎರಡು ಬಾರಿ ಬಡಿದು ‘ರೈಟ್’ ಎನ್ನತೊಡಗಿದರು. ಪ್ರಯಾಣಿಕರು ಇಂಥವರಿಗೆ ಮಾಡಬಹುದಾದ ಉಪಕಾರ ಎಂದರೆ ಸರಿಯಾದ ಚಿಲ್ಲರೆ ಕೊಡುವುದು, ಇಳಿಯುವ ಜಾಗವನ್ನು ಒಂದೇ ಸಲಕ್ಕೆ ಕೇಳುವ ಹಾಗೆ ಹೇಳುವುದು.

ಯಾರಿಗೆ ವಿನಾಯಿತಿ

ಕೇಂದ್ರ ಆರೋಗ್ಯ ಸಚಿವಾಲಯದ 2021ರ ಜೂನ್‌ನ ಸೂಚನೆಯ ಪ್ರಕಾರ ಐದು ವರ್ಷದವರೆಗಿನ ಮಕ್ಕಳಿಗೆ ಮಾಸ್ಕ್ ಬೇಡ. 6ರಿಂದ 11ರವರೆಗಿನವರು ದೊಡ್ಡವರ ಕಣ್ಣಳತೆಯಲ್ಲಿ ಹಾಕಬಹುದು. ಅಮೆರಿಕದಲ್ಲಿ ಈ ಗೆರೆ ಎರಡು ವರ್ಷಕ್ಕೇ ಇತ್ತು. ಮೊಮ್ಮಗುವನ್ನು ನೋಡಲು ಹೋಗಿ, ಅದನ್ನು ಕರೆದುಕೊಂಡು ವಿಮಾನ ಹತ್ತಿದ ಅಜ್ಜ ಅಜ್ಜಿಯರಿಗೆ ಇದು ಆಶ್ಚರ್ಯ ತಂದದ್ದೂ ಉಂಟು.

ಉಸಿರಾಟದ ತೊಂದರೆ ಇರುವವರು ಡಾಕ್ಟರ ಚೀಟಿ ಇಟ್ಟುಕೊಳ್ಳಿ. ಆದೇಶದಲ್ಲಿ ವಿನಾಯಿತಿ ಇಲ್ಲದಿದ್ದರೆ ಚೀಟಿಯೇ ಪಾಸು ಆಗುವುದಿಲ್ಲ, ಮಾತಾಡಲು ಒಂದು ಆಧಾರವಾಗುತ್ತದೆ ಅಷ್ಟೇ. ಕಿವಿ ಕೇಳದವರು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ, ಮಾಸ್ಕ್ ಬಂದ ಮೇಲೆ ಅವರಿಗೆ ಇಡೀ ಬಸ್ಸೇ ಮೂಕವಾಗುತ್ತದೆ. ಅಂಥವರು ಎದುರಾದರೆ ಮಾಸ್ಕ್ ತೆಗೆಯುವ ಬದಲು ಫೋನಿನಲ್ಲಿ ಬರೆದು ತೋರಿಸಿ.

ದಂಡ ಬಿದ್ದರೆ

ಮೊದಲು ಮಾಸ್ಕ್ ಸರಿ ಮಾಡಿಕೊಳ್ಳಿ, ಆಮೇಲೆ ಮಾತು. ನಗರದಲ್ಲಿ ಕೇಳುವವರು ಪೊಲೀಸರೋ ಪಾಲಿಕೆಯ ಮಾರ್ಷಲ್‌ಗಳೋ ಆಗಿರುತ್ತಾರೆ, ನಿಲ್ದಾಣದಲ್ಲಿ ರೈಲ್ವೆಯವರು. ಗುರುತಿನ ಚೀಟಿ ನೋಡಬಹುದೇ ಎಂದು ಕೇಳುವುದು ತಪ್ಪಲ್ಲ, ದನಿ ಏರಿಸಬೇಡಿ. ದುಡ್ಡು ಕೊಟ್ಟ ಮೇಲೆ ರಸೀದಿ ಕೇಳಿ. ಅದರಲ್ಲಿ ಮೊತ್ತ, ದಿನಾಂಕ, ಕಾರಣ ಇದೆಯೇ ಎಂದು ಅಲ್ಲೇ ಓದಿ. ‘ರಸೀದಿ ಬೇಡಾಂದ್ರೆ ನೂರು ಕೊಡಿ’ ಎನ್ನುವವರಿಗೆ ಪೂರ್ತಿ ಇನ್ನೂರೈವತ್ತು ಕೊಟ್ಟು ರಸೀದಿ ತೆಗೆದುಕೊಳ್ಳುವುದೇ ಲೇಸು. ಒಂದು ಬಾರಿ ಕಟ್ಟಿದ ರಸೀದಿ ಆ ದಿನಕ್ಕೆಲ್ಲ ಪಾಸು ಎಂದು ನಮ್ಮ ಬೋಗಿಯ ಒಬ್ಬರು ವಾದಿಸುತ್ತಿದ್ದರು. ಆದೇಶದಲ್ಲಿ ಎಲ್ಲಿಯೂ ಹಾಗಿಲ್ಲ.

ವಿಮಾನದ ಲೆಕ್ಕ ಬೇರೆ, ಅಲ್ಲಿ ದುಡ್ಡಿಗಿಂತ ದೊಡ್ಡ ಶಿಕ್ಷೆ ಇತ್ತು. 2021ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ತಾವೇ ಕೋಲ್ಕತ್ತದಿಂದ ವಿಮಾನದಲ್ಲಿ ಬರುವಾಗ ಸಹಪ್ರಯಾಣಿಕರ ಮಾಸ್ಕ್ ಗದ್ದದ ಕೆಳಗಿರುವುದನ್ನು ಕಂಡರು. ಕೋರ್ಟಿಗೆ ಬಂದವರೇ ಸ್ವಯಂಪ್ರೇರಿತವಾಗಿ ಆದೇಶ ಹೊರಡಿಸಿದರು. ಕೆಲವೇ ದಿನಗಳಲ್ಲಿ ವಿಮಾನಯಾನ ಮಹಾನಿರ್ದೇಶನಾಲಯದ ಸುತ್ತೋಲೆ ಬಂತು: ಹೇಳಿದರೂ ಹಾಕದವರನ್ನು ವಿಮಾನ ಹೊರಡುವ ಮುಂಚೆ ಕೆಳಗಿಳಿಸಿ, ಹಾರಾಟದಲ್ಲಿ ಮತ್ತೆ ಮತ್ತೆ ತಪ್ಪಿದರೆ ಪುಂಡ ಪ್ರಯಾಣಿಕ ಎಂದು ಪರಿಗಣಿಸಿ. ಪುಂಡರ ಪಟ್ಟಿಗೆ ಸೇರಿದರೆ ತಿಂಗಳುಗಟ್ಟಲೆ ವಿಮಾನ ಹತ್ತುವಂತಿಲ್ಲ.

ಪಕ್ಕದವರು ಹಾಕದಿದ್ದರೆ

‘ಮಾಸ್ಕ್ ಹಾಕ್ರೀ’ ಎಂದರೆ ಜಗಳ. ನಾನು ಕಂಡ ಹಾಗೆ ಕೆಲಸ ಮಾಡುವ ಮಾತು ಒಂದೇ: ‘ಸರ್, ನನ್ನ ಹತ್ರ ಹೊಸದೊಂದು ಎಕ್ಸ್‌ಟ್ರಾ ಇದೆ, ಬೇಕಾ?’ ಹತ್ತರಲ್ಲಿ ಆರೇಳು ಮಂದಿ ನಾಚಿಕೊಂಡು ತಮ್ಮ ಜೇಬಿನಿಂದಲೇ ತೆಗೆಯುತ್ತಾರೆ. ಇಬ್ಬರು ನಿಮ್ಮದನ್ನು ತೆಗೆದುಕೊಳ್ಳುತ್ತಾರೆ. ಉಳಿದವರ ಜೊತೆ ವಾದ ಬೇಡ, ಕಂಡಕ್ಟರಿಗೋ ಸಿಬ್ಬಂದಿಗೋ ಹೇಳಿ, ಇಲ್ಲವೇ ಸೀಟು ಬದಲಿಸಿ. ಕಿರುಚಾಡಿದರೆ ಇಬ್ಬರ ಮಾಸ್ಕೂ ಇಳಿಯುತ್ತದೆ.

ಹೊರದೇಶಕ್ಕೆ ಹೊರಟವರು

ಹೊರಡುವ ಊರು, ವಿಮಾನ ಕಂಪನಿ, ಇಳಿಯುವ ದೇಶ ಮೂರನ್ನೂ ಬೇರೆ ಬೇರೆಯಾಗಿ ನೋಡಿ. ಅಮೆರಿಕದಲ್ಲಿ 2021ರ ಫೆಬ್ರುವರಿಯಿಂದ ವಿಮಾನ, ರೈಲು, ಬಸ್ಸುಗಳಲ್ಲಿ ಮಾಸ್ಕ್ ಕಡ್ಡಾಯವಿತ್ತು. 2022ರ ಏಪ್ರಿಲ್ 18ರಂದು ಫ್ಲೋರಿಡಾದ ಫೆಡರಲ್ ನ್ಯಾಯಾಧೀಶೆ ಅದನ್ನು ರದ್ದು ಮಾಡಿದಾಗ ಕೆಲವು ವಿಮಾನಗಳಲ್ಲಿ ಆಕಾಶದಲ್ಲೇ ಘೋಷಣೆ ಮಾಡಿ ಮಾಸ್ಕ್ ತೆಗೆಸಿದರು. ಆದರೆ ಅದೇ ಜೂನ್‌ನಲ್ಲಿ ಅಲ್ಲಿಂದ ದೆಹಲಿಗೆ ಬಂದು ಬೆಂಗಳೂರಿನ ವಿಮಾನ ಹತ್ತಿದವರಿಗೆ ಇಲ್ಲಿ ಇನ್ನೂ ಕಡ್ಡಾಯ. ಜರ್ಮನಿಯ ದೂರದ ರೈಲುಗಳಲ್ಲಿ 2023ರ ಫೆಬ್ರುವರಿ 2ರವರೆಗೂ ಎಫ್‌ಎಫ್‌ಪಿ2ಯೇ ಬೇಕಿತ್ತು, ಬಟ್ಟೆಯದು ನಡೆಯುತ್ತಿರಲಿಲ್ಲ. ಸಿಂಗಾಪುರದ ಬಸ್ಸು, ರೈಲುಗಳಲ್ಲಿ ಅದೇ ತಿಂಗಳ 13ರವರೆಗೆ. ಬೆಂಗಳೂರಿನಲ್ಲಿ ಎಲ್ಲರೂ ಮಾಸ್ಕ್ ಮರೆತು ಎಷ್ಟೋ ತಿಂಗಳಾಗಿತ್ತು ಆಗ.

ಮನೆಗೆ ಬಂದ ಮೇಲೆ

ದಾರ ಹಿಡಿದು ತೆಗೆಯಿರಿ, ಮುಂಭಾಗ ಮುಟ್ಟಬೇಡಿ, ಕೈ ತೊಳೆಯಿರಿ. ಎಸೆಯುವುದಾದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೇಳಿದ ಕ್ರಮ ಇದು: ಕಾಗದದ ಕವರಿನಲ್ಲಿ 72 ಗಂಟೆ ಇಟ್ಟು, ಕತ್ತರಿಸಿ, ಒಣ ಕಸಕ್ಕೆ ಹಾಕಬೇಕು. ಕತ್ತರಿಸುವುದು ಯಾಕೆಂದರೆ ತಿಪ್ಪೆಯಿಂದ ಆಯ್ದು, ತೊಳೆದು, ಮತ್ತೆ ಮಾರಬಾರದಲ್ಲ. ದಾರಗಳನ್ನೂ ಕತ್ತರಿಸಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತವೆ. ಮನೆಯಲ್ಲಿ ಸೋಂಕಿತರು ಇದ್ದರೆ ಅವರ ಮಾಸ್ಕ್ ಈ ಕಸಕ್ಕೆ ಸೇರುವಂತಿಲ್ಲ, ಬೇರೆ ಕಟ್ಟಿ, ಬೆಳಗ್ಗೆ ಗಾಡಿಯ ಜೊತೆ ಬರುವ ಪೌರಕಾರ್ಮಿಕರಿಗೆ ಬಾಯಿಬಿಟ್ಟು ಹೇಳಿ ಕೊಡಿ. ಕವರಿನ ಒಳಗೆ ಏನಿದೆ ಎಂದು ಅವರಿಗೆ ಬೇರೆ ಯಾರೂ ಹೇಳುವುದಿಲ್ಲ.